ಮೂರೆಕರೆ ಗದ್ದೆಯೂ ಎರಡನೆಯ ಕುರ್ಚಿಯೂ

ತೋರಣಗಲ್ಲಿನ ನಮ್ಮ ಮನೆಯ ಮುಂದೆ ಹಗಲಿರುಳೂ ಅದಿರಿನ ಲಾರಿಗಳು ಓಡುತ್ತವೆ. ತಲೆಯ ಮೇಲೆ ಆಗೊಮ್ಮೆ ಈಗೊಮ್ಮೆ ವಿಮಾನ ಹಾರುತ್ತದೆ. ಲಾರಿಯ ಡ್ರೈವರನನ್ನು ಕಂಡು 'ಪಾಪ' ಎನ್ನುವ ನಾವು, ವಿಮಾನದ ಚಾಲಕನನ್ನು ಕಾಣದೆಯೇ 'ಭಾಗ್ಯವಂತ' ಎಂದುಬಿಡುತ್ತೇವೆ. ನಾನೂ ಹಾಗೆ ಎನ್ನುತ್ತಿದ್ದವನೇ. ಆದರೆ ಅಕ್ಕನೂ ಭಾವನೂ ಗದ್ದೆಯ ಪತ್ರಗಳನ್ನು ಚೀಲದಲ್ಲಿಟ್ಟುಕೊಂಡು ಕಂಪ್ಲಿಯಿಂದ ಬಂದ ದಿನದಿಂದ ಆ ಮಾತು ನನ್ನ ಬಾಯಿಗೆ ಅಷ್ಟು ಸಲೀಸಾಗಿ ಬರುತ್ತಿಲ್ಲ.

"ತಮ್ಮಾ, ಇವ ಪೈಲಟ್ ಆಗ್ತಾನಂತ. ಕಾಲುವಿ ಕೆಳಗಿನ ಮೂರೆಕರೆ ಮಾರಿದ್ರ ಸಾಕಾಗ್ತದಂತ. ನೀ ಓದಿದಾಂವ, ಹೇಳು," ಎಂದಳು ಅಕ್ಕ. ಭಾವ ಮಾತಾಡಲಿಲ್ಲ.

"ಕ್ಯಾಪ್ಟನ್ ಅಂದ್ರ ತಿಂಗಳಿಗೆ ಎಷ್ಟು ಲಕ್ಷ ಬರ್ತದ ಗೊತ್ತೇನ್ರಿ ಮಾವಾ?" ಎಂದ ಅಳಿಯ.

ಗೊತ್ತಿತ್ತು. ನನ್ನ ವರ್ಷದ ಪಿಂಚಣಿಯನ್ನು ದೊಡ್ಡ ವಿಮಾನದ ಕ್ಯಾಪ್ಟನ್ ಒಂದು ತಿಂಗಳಲ್ಲಿ ದುಡಿಯುತ್ತಾನೆಂಬುದು ಸುಳ್ಳಲ್ಲ. ಆದರೆ ಆ ಕುರ್ಚಿಗೂ ಕಂಪ್ಲಿಯ ಗದ್ದೆಗೂ ನಡುವೆ ದೂರವೆಷ್ಟು! ಲೈಸೆನ್ಸಿಗೆ 200 ಗಂಟೆ ಹಾರಬೇಕು; ಅದಕ್ಕೆ ಅರ್ಧ ಕೋಟಿಯಾದರೂ ಬೇಕು. ಅದು ಮುಗಿದ ಮೇಲೆ ಇಂಥದೇ ಜಾತಿಯ ವಿಮಾನವೆಂದು ಬೇರೆ ಕಲಿಕೆ, ಬೇರೆ ಹಣ. ಅನಂತರ ಕರೆ ಬರುವವರೆಗೆ ಕಾಯುವ ಕೆಲಸ; ಅದಕ್ಕೆ ಸಂಬಳವಿಲ್ಲ.

ಕರೆ ಬಂದಿತೆನ್ನಿ. ಅಲ್ಲಿಯೂ ಸಂಬಳದ ಒಂದು ಪಾಲು ಹಾರಿದ ಗಂಟೆಗಳ ಲೆಕ್ಕದ ಮೇಲೆಯೇ. ವಿಮಾನ ನೆಲದ ಮೇಲಿದ್ದರೆ ಸಂಬಳವೂ ನೆಲ ಹಿಡಿಯುತ್ತದೆ. 2020ರಲ್ಲಿ ಕೊರೋನಾ ಬಂದಾಗ ಆದದ್ದು ಅದೇ. ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಾಗ ತಿಂಗಳುಗಟ್ಟಲೆ ಸಂಬಳ ಕಾಣದೆ ಇದ್ದವರಲ್ಲಿ ಪೈಲಟ್ಟರೂ ಇದ್ದರು; 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ ಮತ್ತೆ ಅದೇ ಕಥೆ. ಒಬ್ಬ ಧಣಿ ಮುಳುಗಿದರೆ ಲಾರಿಯ ಡ್ರೈವರ್ ಮರುದಿನವೇ ಇನ್ನೊಬ್ಬನ ಲಾರಿ ಹತ್ತುತ್ತಾನೆ. ಪೈಲಟ್ಟನಾದರೋ ಮೂರು ತಿಂಗಳು ವಿಮಾನ ಮುಟ್ಟದಿದ್ದರೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು.

ಇನ್ನು ಮುಂದಿನ ಕಾಲದ ಮಾತು. 1932ರ ಅಕ್ಟೋಬರಿನಲ್ಲಿ ಜೆ. ಆರ್. ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಎಂಬಾತ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದ. ಆ ಪುಟ್ಟ ವಿಮಾನವನ್ನು ನಡೆಸಲು ಒಬ್ಬನೇ ಸಾಕಾಗಿತ್ತು. ವಿಮಾನಗಳು ದೊಡ್ಡವಾದಂತೆ ದಾರಿ ನೋಡುವವನು, ರೇಡಿಯೋದವನು, ಎಂಜಿನಿಯರು ಎಲ್ಲರೂ ಬಂದು ಕುಳಿತರು. ಅನಂತರ ಯಂತ್ರ ಬಂದು ಒಬ್ಬೊಬ್ಬರನ್ನಾಗಿ ಇಳಿಸಿತು. ಈಗ ಉಳಿದಿರುವುದು ಎರಡು ಕುರ್ಚಿ. ಮೇಲೇರಿದ ಮೇಲೆ ಒಂದೇ ಸಾಲದೆ ಎಂಬ ಪ್ರಶ್ನೆಯೂ ಎದ್ದಿತು. ಹಾಗೆ ಮಾಡಿದರೆ ಈಗಿನಷ್ಟೇ ಕ್ಷೇಮವೆಂದು ಹೇಳಲಾಗದೆಂದು ಯೂರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2025ರಲ್ಲಿ ಹೇಳಿತು. ಸದ್ಯಕ್ಕೆ ಎರಡನೆಯ ಕುರ್ಚಿ ಉಳಿಯಿತು. ನಮ್ಮ ಹುಡುಗ ಮೊದಲು ಕೂರಬೇಕಾದದ್ದು ಅದರಲ್ಲೇ. ಅದು ಹೋದರೆ ಕ್ಯಾಪ್ಟನ್ನಾಗುವ ವಿದ್ಯೆಯನ್ನು ಎಲ್ಲಿ ಕುಳಿತು ಕಲಿಯುವುದು?

ಹಾಗಾದರೆ ಬೇಡವೆನ್ನಲೆ? ನಾಲಗೆಯ ತುದಿಗೆ ಬಂದಿತ್ತು. ಆಗ ಹಳೆಯದೊಂದು ಸಂಜೆ ನೆನಪಾಯಿತು. ಹೈದರಾಬಾದಿನಿಂದ ಇಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಬರುತ್ತಿದ್ದೆ. ಕೆಳಗೆ ಮಳೆಯ ಮೋಡ. ವಿಮಾನ ಎರಡು ಸುತ್ತು ಹಾಕಿ, ಇಳಿಯದೆ, ಬಂದ ದಾರಿಯಲ್ಲೇ ಹಿಂದಿರುಗಿತು. ಮರುದಿನ ಹೊಸಪೇಟೆಯಲ್ಲಿ ಗೆಳೆಯನ ಮಗಳ ಮದುವೆ, ನನಗೆ ತಪ್ಪಿತು. ಎಲ್ಲರೂ ಪೈಲಟ್ಟನನ್ನು ಬೈದರು. ಎಲ್ಲರಿಗಿಂತ ಗಟ್ಟಿಯಾಗಿ ಬೈದವನು ನಾನು. ರಾತ್ರಿ ಮಲಗಿದ ಮೇಲೆ ಹೊಳೆಯಿತು: ಅಷ್ಟು ಜನರ ಬೈಗುಳಕ್ಕೆ ಹೆದರಿ ಆತ ಇಳಿಸಲು ಹೋಗಿದ್ದರೆ? ಯಂತ್ರ ವಿಮಾನವನ್ನು ಹಾರಿಸೀತು. 'ಇಂದು ಬೇಡ' ಎಂದು ಎದೆಗಟ್ಟಿ ಮಾಡಿ ಹೇಳುವವನಿಗೆ ಕೊಡುವ ಸಂಬಳ ದುಬಾರಿಯಲ್ಲ.

ಇದನ್ನೆಲ್ಲ ಹೇಳಿ, ಕಡೆಗೆ ಅಳಿಯನಿಗೆಂದೆ: "ಮೊದಲು ವೈದ್ಯರ ಪರೀಕ್ಷೆ ಮಾಡಿಸು. ಕಣ್ಣು, ಕಿವಿ, ಎದೆ ಒಪ್ಪಿಗೆಯಾಗದೆ ಒಂದು ರೂಪಾಯಿ ಕಟ್ಟಬೇಡ. ಜಕ್ಕೂರಿನಲ್ಲಿ ಸರ್ಕಾರದ್ದೇ ಶಾಲೆಯಿದೆ, ಅಲ್ಲಿ ವಿಚಾರಿಸು. ಬ್ಯಾಂಕಿನ ಸಾಲ ನೋಡೋಣ. ಗದ್ದೆ ಪೂರ್ತಿ ಮಾರುವುದು ಬೇಡ."

"ನೌಕರಿ ಸಿಗದಿದ್ರ?" ಎಂದಳು ಅಕ್ಕ. ನನ್ನಲ್ಲಿ ಉತ್ತರವಿರಲಿಲ್ಲ.

ಅದುವರೆಗೂ ಸುಮ್ಮನಿದ್ದ ಭಾವ ಆಗ ಬಾಯಿಬಿಟ್ಟರು: "ಡ್ಯಾಮಿನ 19ನೇ ಗೇಟು ಕಿತ್ತು ಹೋದಾಗ ನಮ್ಮ ಗದ್ದಿಗೆ ಮಾತ್ರ ಯಾರು ಬರದು ಕೊಟ್ಟಿದ್ರು?"

2024ರ ಆಗಸ್ಟಿನ ಆ ದಿನಗಳಲ್ಲಿ ಅವರು ನಿದ್ದೆಗೆಟ್ಟು ಕಾಲುವೆಯ ದಂಡೆಯ ಮೇಲೆ ಕೂತಿದ್ದುದು ನನಗೆ ನೆನಪಿದೆ. ಯಾರೂ ಮಾತಾಡಲಿಲ್ಲ. ಮೂರೆಕರೆಯಲ್ಲಿ ಒಂದೆಕರೆಯ ಪತ್ರವನ್ನು ಬೇರೆ ಮಾಡಿ ಅಕ್ಕನ ಕೈಗಿಟ್ಟು, ಉಳಿದವನ್ನು ಭಾವ ನನ್ನ ಬೀರುವಿನಲ್ಲಿ ಇರಿಸಿ ಹೋದರು. ಹುಡುಗ ಮುಂದಿನ ವಾರ ಪರೀಕ್ಷೆಗೆ ಹೋಗುತ್ತಾನೆ. ಅವನ ಕಣ್ಣು ಚೆನ್ನಾಗಿರಲೆಂದು ಬೇಡಿಕೊಳ್ಳಲೋ ಬೇಡವೋ, ನನಗಿನ್ನೂ ತಿಳಿಯದು.