ಮಗಳ ನೌಕರಿ, ಶಿರಾಜ್ ದ್ರಾಕ್ಷಿ

"ಮಗಳು ಆಸ್ಟ್ರೇಲಿಯಾದಾಗ ಶೆರೆ ಕಾರ್ಖಾನ್ಯಾಗ ಅದಾಳಂತ, ಹೌದೇನ್ರಿ ವೈನಿ?" ಅಂತ ಲಗ್ನದ ಮನ್ಯಾಗ, ಗುಡಿಯಾಗ ಕೇಳವರು ಭಾಳ ಆಗ್ಯಾರ. ಹೌದ್ರೀ, ಅದಾಳ. ಅಡಿಲೇಡ್ ಊರಿಂದ ತಾಸಿನ ಹಾದಿ, ಬರೊಸಾ ಕಣಿವಿ. ಅಲ್ಲಿ ಶಿರಾಜ್ ಅನ್ನೂ ದ್ರಾಕ್ಷಿಯಿಂದ ಕೆಂಪು ವೈನ್ ಮಾಡತಾರ. ಹ್ವಾದ ವರ್ಷ ಹೋಗಿ ಕಣ್ಣಾರೆ ನೋಡಿ ಬಂದೀನಿ.

ನಮ್ಮ ವಿಜಾಪುರದವರಿಗೆ ದ್ರಾಕ್ಷಿ ಹೊಸಾದಲ್ಲ. ಆದ್ರ ನಮ್ಮ ಪಡದಾಗಿನ ಥಾಮ್ಸನ್ ಹಸರು, ಬೀಜ ಇಲ್ಲ. ತಿನ್ನಾಕ, ಒಣದ್ರಾಕ್ಷಿಗೆ ಛಲೋ. ಶಿರಾಜ್ ಸಣ್ಣ ಹಣ್ಣು, ಕರ್ರಗ, ದಪ್ಪ ಸಿಪ್ಪಿ, ಒಳಗ ಬೀಜ. ಹಿಂಡಿದ್ರ ರಸಕ್ಕ ಕೆಂಪು ಬಣ್ಣಾನ ಇಲ್ಲ! ಸಿಪ್ಪಿ ಸಮೇತ ಹುದುಗಾಕ ಬಿಟ್ಟಾಗ ಬಣ್ಣ ಇಳೀತದ.

ಇದರ ತವರಮನಿ ಫ್ರಾನ್ಸಿನ ರೋನ್ ನದಿ ದಂಡಿ. ಅಲ್ಲಿ ಸಿರಾ ಅಂತಾರ. 1832ರ ಸುಮಾರಿಗೆ ಜೇಮ್ಸ್ ಬಸ್ಬಿ ಅನ್ನಾಂವ ಬಳ್ಳಿ ಕಡ್ಡಿ ತಂದು ಆಸ್ಟ್ರೇಲಿಯಾಕ್ಕ ಮುಟ್ಟಿಸಿದ. ಅಲ್ಲಿ ಅದು ಶಿರಾಜ್ ಆತು. ನಮ್ಮಲ್ಲಿ ಲಗ್ನದಾಗ ಅಕ್ಕಿ ತಾಟಿನಾಗ ಹೊಸ ಹೆಸರು ಬರೀತಿದ್ರಲ್ಲ, ಹಂಗ. ಬರೊಸಾದಾಗ 1843ರಾಗ ಹಚ್ಚಿದ ಬಳ್ಳಿ ಇವತ್ತೂ ಹಣ್ಣು ಕೊಡತಾವ.

ಮಗಳು ಎರಡು ಗ್ಲಾಸ್ ಮುಂದಿಟ್ಟಳು. ಬರೊಸಾದ್ದು ಮಾಗಿದ ನೇರಳೆಹಣ್ಣಿನ ಮುರಬ್ಬಾ ಹಂಗ, ಹಿಂದ ನಾಲಗಿ ಹಿಡಿಯೂ ಒಗರು. ಇನ್ನೊಂದು ತಂಪು ಗುಡ್ಡದ್ದು. ಮೂಗಿನ ಹಂತೇಕ ತಂದೆ, ಆಗಷ್ಟ ಕುಟ್ಟಿದ ಕರಿಮೆಣಸು! "ಮೆಣಸು ಹಾಕೀರೇನ ಯವ್ವಾ?" ಅಂದೆ. ನಕ್ಕಳು. ಯಾರೂ ಹಾಕಿರಂಗಿಲ್ಲಂತ. ಕರಿಮೆಣಸಿಗೆ ವಾಸನಿ ಕೊಡೂ ರೊಟಂಡೋನ್ ಈ ದ್ರಾಕ್ಷಿ ಸಿಪ್ಪಿಯೊಳಗೂ ಇರತದ. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಾಗ ತಿಳಿಸ್ಯಾರ. ತಂಪು ಹವಾದಾಗ ಅದು ಜಾಸ್ತಿ. ಐದು ಮಂದ್ಯಾಗ ಒಬ್ಬರ ಮೂಗಿಗೆ ಆ ವಾಸನಿ ಹತ್ತಂಗೇ ಇಲ್ಲ. ನಮ್ಮ ಮನಿಯವರು ಅವರಾಗ ಒಬ್ಬರು ಅಂತ ಅಲ್ಲೇ ಗೊತ್ತಾತು! ಮೂವತ್ತು ವರ್ಷ ನನ್ನ ಮೆಣಸಿನ ಸಾರು ಅವರಿಗೆ ಬರೇ ಖಾರ.

ಆದ್ರ ಒಂದು ಮಾತು. ನನ್ನ ತಮ್ಮನ್ನ ಕುಡತಾನ ತಿಂದು ಹಾಕೇದ, ನಿಮಗೆಲ್ಲಾ ಗೊತ್ತದ. ಮಗಳು ಈ ನೌಕರಿ ಹಿಡಿದಾಗ ನನ್ನ ಎದಿ ಧಸಕ್ ಅಂದಿತ್ತು. ವೈನ್ ಔಷಧಿ ಇದ್ದಂಗ ಅಂತ ನಾ ಹೇಳಂಗಿಲ್ಲ. ನೂರರಾಗ 14 ಪಾಲಿನ ಸುಮಾರು ಅಮಲು ಅದ. ಖರೇ ಅಂದ್ರ ಅಕಿ ಕೆಲಸ ಕುಡಿಯೂದಲ್ಲ. ಮುಂಜಾನೆದ್ದು ಪೀಪಾಯಿ ಪೀಪಾಯಿ ರುಚಿ ನೋಡತಾಳ, ಬಾಯಾಗ ಆಡಿಸಿ ಉಗಳತಾಳ, ಬರದಿಡತಾಳ. ನಾನೂ ಹಂಗ ಉಗಳಿ ಬಂದೀನಿ.

ವರ ನೋಡಾವರಿಗೂ ಇದನ್ನ ಮೊದಲ ಹೇಳಾಕತ್ತೀನಿ. ಒಬ್ಬರು ಫೋನ್ ಇಟ್ಟುಬಿಟ್ಟರು, ಇಡ್ಲಿ. ಮುಚ್ಚಿಟ್ಟು ಕೊಟ್ಟ ಮಗಳು ಆ ಮನ್ಯಾಗ ತಲಿ ಎತ್ತಿ ಹ್ಯಾಂಗ ತಿರಗಬೇಕು? ನಿಮ್ಮ ಕಡೆ ಯಾರರ ಛಲೋ ಹುಡುಗ ಇದ್ರ, ಹಿಂಗ ಹಿಂಗ ಅಂತ ಎಲ್ಲಾ ಹೇಳೇ ಕೇಳ್ರಿ.