ತುಂಬೆಗೆ ಬಿಟ್ಟ ಜಾಗ

ತುಂಬೆ ಬೆಳೆಸುತ್ತೇನೆಂದರೆ ನಮ್ಮ ಕಡೆ ನಗುತ್ತಾರೆ. ಅದು ಕೀಳುವ ಗಿಡ, ನೆಡುವ ಗಿಡವಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವ ದಾರಿಯ ಬದುಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬೇಕಾದಷ್ಟು ಇರುತ್ತಿತ್ತು. ಈಗ ಜೋಳದ ಹೊಲಕ್ಕೆ ಕಳೆನಾಶಕ ಹೊಡೆಯುವವರು ಬದುವನ್ನೂ ಬಿಡುವುದಿಲ್ಲ. ಮೂರು ವರ್ಷದ ಹಿಂದೆ ಕಾರ್ತಿಕ ಸೋಮವಾರಕ್ಕೆಂದು ಒಂದು ಬೊಗಸೆ ಹೂವಿಗಾಗಿ ಬೈಕಿನಲ್ಲಿ ಅರ್ಧ ದಿನ ಅಲೆದೆ. ಬಳ್ಳಿಗಾವಿಯ ಕೇದಾರೇಶ್ವರ, ಅಕ್ಕಮಹಾದೇವಿಯ ಉಡುತಡಿ ಎರಡೂ ಇರುವ ತಾಲ್ಲೂಕಿನಲ್ಲಿ ಶಿವನಿಗೆ ತುಂಬೆ ಸಿಗಲಿಲ್ಲವೆಂದರೆ ಯಾರಿಗೆ ಹೇಳುವುದು! ಕೊನೆಗೆ ಸೊರಬದ ಹತ್ತಿರ ಒಂದು ತೋಟದ ಬೇಲಿಯಂಚಿನಲ್ಲಿ ಸಿಕ್ಕಿತು. ಹೂವಿನ ಜೊತೆ ಒಣಗಿದ ಗಿಡ ನಾಲ್ಕನ್ನೂ ತಂದೆ.

ಬೀಜ ಇರುವುದೆಲ್ಲ ಒಣಗಿಡದಲ್ಲೇ. ಚೌಕದ ಕಾಂಡ, ಗೆಣ್ಣುಗೆಣ್ಣಿಗೆ ಒರಟು ಉಂಡೆ, ಉಂಡೆಯ ತುಂಬ ಪುಟ್ಟ ಬಟ್ಟಲು. ಹಸಿಯಿದ್ದಾಗ ಆ ಬಟ್ಟಲಿನಿಂದಲೇ ಬಿಳಿ ಹೂ ಇಣುಕುತ್ತದೆ. ಮೇಲ್ತುಟಿ ಗಿಡ್ಡ, ಕೆಳತುಟಿ ಅಗಲ. ಚಿಕ್ಕವರಿದ್ದಾಗ ಅದನ್ನೆಳೆದು ಬುಡ ಚೀಪಿ ಸಿಹಿ ಹುಡುಕುತ್ತಿದ್ದೆವು. ಒಣಗಿದ ಮೇಲೆ ಅಂಗೈಗೆ ಕೊಡವಿದರೆ ಬಟ್ಟಲಿಗೆ ಹೆಚ್ಚೆಂದರೆ ನಾಲ್ಕು ಬೀಜ, ಎಳ್ಳಿಗಿಂತ ಸಪೂರ. ಸಸ್ಯಶಾಸ್ತ್ರದವರು ಇದನ್ನು ಲ್ಯೂಕಾಸ್ ಆಸ್ಪೆರಾ ಅನ್ನುತ್ತಾರೆ, ಬಿಳಿಯದು ಮತ್ತು ಒರಟಿನದು ಎಂದು. ತುಂಬೆ ಅನ್ನುವುದೇ ಬಾಯಿಗೆ ಹಿತ.

ಮೊದಲ ಮಳೆಗೆ ಅಂಗಳದ ಮೂಲೆಯಲ್ಲಿ ಉದುರಿಸಿದೆ. ಹುಟ್ಟಿತು, ಹೂ ಬಿಟ್ಟಿತು, ಬೇಸಿಗೆಯ ಹೊತ್ತಿಗೆ ಒಣಗಿತು. ಒಂದೇ ವರ್ಷದ ಬಾಳು ಅದರದ್ದು. ಅಮ್ಮ ಅಷ್ಟನ್ನೂ ಕಿತ್ತು ಬಚ್ಚಲೊಲೆಗೆ ಹಾಕಿಬಿಟ್ಟಳು! ಮರುವರ್ಷ ಆ ಮೂಲೆಯಲ್ಲಿ ಹುಟ್ಟಿದ್ದು ಬರೀ ಗರಿಕೆ. ಮತ್ತೆ ಸೊರಬದ ಬೇಲಿಗೇ ಹೋಗಬೇಕಾಯಿತು.

"ಒಣ ಕಡ್ಡಿ ಇಟ್ಕಂಡ್ರೆ ಅಂಗಳಕ್ಕೆ ಕಳೆ ಎಲ್ಲಿರುತ್ತೋ?" ಎಂದಳು ಅಮ್ಮ, ಈ ಸಲ ಬಿತ್ತುವಾಗ.

"ಇದೂ ಕಳೆನೇ ಅಲ್ವೇನಮ್ಮ!"

ನಗಲಿಲ್ಲ. ಆದರೆ ಒಪ್ಪಂದವಾಯಿತು: ಮೊರದಗಲದ ಜಾಗ, ಸುತ್ತ ನಾಲ್ಕು ಕಲ್ಲು, ಅದರೊಳಗೆ ಅವಳ ಪೊರಕೆ ಹೋಗುವಂತಿಲ್ಲ. ಗೊಬ್ಬರ, ದಿನಾ ನೀರು, ಇವೇನೂ ತುಂಬೆಗೆ ಬೇಕಿಲ್ಲ. ಬೀಜ ತಾನೇ ಉದುರುವ ತನಕ ಆ ಒಣಕಲು ರೂಪವನ್ನು ಸಹಿಸಿಕೊಳ್ಳುವುದೇ ಕಷ್ಟದ ಕೆಲಸ. ಮೊನ್ನೆ ನೆಗಡಿಯಾದಾಗ ಅಮ್ಮನೇ ಹೋಗಿ, ಹಬೆ ತೆಗೆದುಕೊಳ್ಳಲು ಎರಡು ಕುಡಿ ಚಿವುಟಿ ತಂದಳು. ಕಲ್ಲು ದಾಟದೆ, ಬಗ್ಗಿ.

ಕಾರ್ತಿಕಕ್ಕೆ ಹೂ ಬೇಕಾದವರು ಬನ್ನಿ, ಬಿಡಿಸಿಕೊಳ್ಳಿ. ಗಿಡ ಮಾತ್ರ ಕೀಳಬೇಡಿ, ಒಣಗಿದ್ದರೂ ಸರಿ.