ನಾಲ್ಕು ಊರು, ಒಂದು ಮಾತು

ಧಾರವಾಡದ ಪೂರ್ವಕ್ಕೆ ಹರಡಿರುವ ಎರೆಮಣ್ಣಿನ ಬಯಲಿನಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ಊರುಗಳಿವೆ. ಬೆಳಗಿನ ಬಸ್ಸು ಹಿಡಿದು ಹೊರಟವನು ಕತ್ತಲಾಗುವುದರೊಳಗೆ ಇವೆಲ್ಲವನ್ನೂ ಒಮ್ಮೆ ಸುತ್ತಿ ಬರಬಹುದು. ಎಲ್ಲಿ ಹೋದರೂ ಹೊಲದಲ್ಲಿ ಜೋಳ, ಹತ್ತಿ, ಶೇಂಗಾ, ಉಳ್ಳಾಗಡ್ಡಿ. ತಟ್ಟೆಯಲ್ಲಿ ರೊಟ್ಟಿ, ಝುಣಕ, ಚಟ್ನಿಪುಡಿ. ಕಿವಿಗೆ ಅದೇ ಗಂಡುಗನ್ನಡ. ಹೀಗಿದ್ದೂ ಸ್ವಾತಂತ್ರ್ಯ ಬರುವವರೆಗೆ ಈ ಪುಟ್ಟ ಸೀಮೆಯನ್ನು ಆಳುತ್ತಿದ್ದವರು ಒಬ್ಬಿಬ್ಬರಲ್ಲ. ಗದಗವೂ ಮುಂಡರಗಿಯೂ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ಮುಂಡರಗಿಯಿಂದ ಪೂರ್ವಕ್ಕೆ ತುಸು ದೂರ ನಡೆದರೆ ಹೈದರಾಬಾದು ನಿಜಾಮರ ರಾಜ್ಯ.

ಈಗ ಒಂದು ಸಾದಾ ಮಾತನ್ನು ತೆಗೆದುಕೊಳ್ಳೋಣ: 'ಕನ್ನಡಿಗರೆಲ್ಲರೂ ಒಂದೇ ಆಡಳಿತದ ಕೆಳಗೆ ಬಾಳಬೇಕು.' ಗದಗಿನಲ್ಲಿ ಆಡಿದರೆ ಇದೊಂದು ಹಾರೈಕೆ. ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ಆಡಿದರೆ ಸಂಸ್ಥಾನಿಕರಿಗೆ ಗಾದಿಯಿಂದ ಇಳಿಯಿರೆಂದು ಹೇಳಿದ ಹಾಗೆ. ಮುಂಡರಗಿಯ ಗಡಿ ದಾಟಿ ಆಡಿದರೆ ರಾಜದ್ರೋಹ. ಅದೇ ಮಾತನ್ನು ಹೊತ್ತು ದಕ್ಷಿಣದ ಮೈಸೂರಿಗೆ ಹೋದರೆ, ಅಲ್ಲಿ ಕೇಳುತ್ತಿದ್ದುದು 'ನಮಗೇಕೆ ಈ ಉಸಾಬರಿ?' ಎಂಬ ಪ್ರಶ್ನೆ. ಮಾತು ಬದಲಾಗಲಿಲ್ಲ, ಕೇಳುವವರು ಬದಲಾದರು. ಹಿಡಿಸದ ಅಭಿಪ್ರಾಯವನ್ನು ಅಪರಿಚಿತರೆದುರು ಆಡಿದವರಿಗೆ ಈ ನಾಡಿನಲ್ಲಿ ಏನು ದೊರೆಯುತ್ತ ಬಂದಿದೆಯೆಂಬುದನ್ನು ನೋಡುವ ಕುತೂಹಲದಿಂದ ನಾನು ಈ ಊರುಗಳನ್ನು ಸುತ್ತಿದೆ.

ಗದಗಕ್ಕೆ ಬಂದವರು ಮೊದಲು ವೀರನಾರಾಯಣನ ಗುಡಿಗೆ ಹೋಗುವುದು ವಾಡಿಕೆ. ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ಹಾಡಿದನೆಂದು ಹೇಳುವ ಕಂಬವನ್ನು ಇಲ್ಲಿ ತೋರಿಸುತ್ತಾರೆ. ತ್ರಿಕೂಟೇಶ್ವರನ ಗುಡಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಕಂಬಗಳ ನುಣುಪನ್ನು ಕೈಯಿಂದ ಮುಟ್ಟಿಯೇ ತಿಳಿಯಬೇಕು. ಪಕ್ಕದ ಬೆಟಗೇರಿಯದು ನೇಕಾರರ ಬದುಕು. ಓಣಿಗೆ ಕಾಲಿಟ್ಟರೆ ಮಗ್ಗದ ಸದ್ದು.

ಇದೇ ಗದಗಿನಲ್ಲಿ ವಕೀಲಿ ಮಾಡುತ್ತ ನಾಟಕಗಳನ್ನು ಬರೆಯುತ್ತಿದ್ದವರು ಹುಯಿಲಗೋಳ ನಾರಾಯಣರಾಯರು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ, ಚೆಲುವಾದ ಕನ್ನಡನಾಡು ಉದಯಿಸಲೆಂದು ಹಾರೈಸುವ ಅವರ ಗೀತೆಯನ್ನು ಅಲ್ಲಿ ಹಾಡಲಾಯಿತು. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಮೊದಲ ಪರಿಷತ್ತೂ ನಡೆಯಿತು. ಆ ಹೊತ್ತಿಗೆ ಕನ್ನಡನಾಡು ಯಾವ ನಕಾಶೆಯಲ್ಲೂ ಇರಲಿಲ್ಲ. ಇಲ್ಲದ ನಾಡಿಗೆ ಹಾಡು ಕಟ್ಟಿದವರನ್ನು ಕಂಡು ನಕ್ಕವರು ಎಷ್ಟು ಮಂದಿಯೋ! ನಗೆಯೂ ವಿರೋಧದ ಒಂದು ಬಗೆಯೇ. ಕಲ್ಲಾದರೆ ತಗಲಿದ ಜಾಗವನ್ನು ತೋರಿಸಬಹುದು. ನಗೆಗೆ ಆ ಸೌಕರ್ಯವೂ ಇಲ್ಲ.

ಗದಗಿನಿಂದ ನೈಋತ್ಯಕ್ಕೆ ಹೊರಟರೆ ಲಕ್ಷ್ಮೇಶ್ವರ. ಹಳೆಯ ಹೆಸರು ಪುಲಿಗೆರೆ. ಇಲ್ಲಿಯ ತಿರುಳುಗನ್ನಡದಲ್ಲಿ ತನ್ನ ಕಾವ್ಯವನ್ನು ಹೇಳಿದುದಾಗಿ 10ನೆಯ ಶತಮಾನದ ಪಂಪನು ಹೆಮ್ಮೆಪಟ್ಟುಕೊಂಡಿದ್ದಾನೆ. ಇಷ್ಟು ಸೊಗಸಾದ ಭಾಷೆಯಿದ್ದ ಊರಿನಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ಹರಿಹರನ ಆದಯ್ಯನ ರಗಳೆಯ ಕಥೆ ಬಲ್ಲವರಿಗೆ ಇದು ಗೊತ್ತು. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಶಿವಭಕ್ತ ಆದಯ್ಯ ಈ ಊರಿನ ಜೈನ ಮನೆತನದ ಪದ್ಮಾವತಿಯನ್ನು ಮೆಚ್ಚಿ ಮದುವೆಯಾದನು. ಮುಂದೆ ನಂಬಿಕೆಯ ವಿಷಯದಲ್ಲಿ ಮಾವನ ಮನೆಯವರಿಗೂ ಅವನಿಗೂ ಮಾತು ಬೆಳೆಯಿತು. ಸೌರಾಷ್ಟ್ರದ ಸೋಮನಾಥನನ್ನೇ ತಂದು ಇಲ್ಲಿ ನೆಲೆಗೊಳಿಸುವೆನೆಂಬ ಶಪಥದವರೆಗೆ ಹೋಯಿತು. ಪರದೇಶಿ ಅಳಿಯ, ಸ್ಥಳದ ಮಾವ, ನಡುವೆ ಊಟದ ಪಂಕ್ತಿ: ಜಗಳಕ್ಕೆ ಇದಕ್ಕಿಂತ ಹದವಾದ ನೆಲ ಬೇಕೆ? ಕಾವ್ಯವು ಗೆದ್ದವರ ಕಡೆಯಿಂದ ಕಥೆ ಹೇಳುತ್ತದೆ. ಸೋತವರ ಮನೆಯಲ್ಲಿ ಆ ರಾತ್ರಿ ಏನು ಮಾತಾಡಿಕೊಂಡರೆಂಬುದನ್ನು ನಾವೇ ಊಹಿಸಿಕೊಳ್ಳಬೇಕು.

ಊರು ಮಾತ್ರ ಎರಡೂ ಕಡೆಯವರನ್ನು ಉಳಿಸಿಕೊಂಡಿದೆ. ಸೋಮೇಶ್ವರನ ಗುಡಿಯಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಕುಳಿತ ಅಪರೂಪದ ಮೂರ್ತಿಯನ್ನು ನೋಡಿ, ಶಂಖಬಸದಿಗೆ ಹೋಗಿ ಸಾವಿರ ಜಿನಬಿಂಬಗಳ ಸಹಸ್ರಕೂಟದೆದುರು ನಿಂತು, ಆದಿಲಶಾಹಿ ಕಾಲದ ಜುಮ್ಮಾ ಮಸೀದಿಯ ಬಾಗಿಲಿಗೂ ಬರಬಹುದು. ಒಂದರಿಂದೊಂದಕ್ಕೆ ನಡೆದೇ ಹೋದೆ.

ಅಲ್ಲಿಂದ ಶಿರಹಟ್ಟಿ ಹತ್ತಿರ. ಈ ಊರಿನ ಹೆಸರು ಹೊರಗೆ ಕೇಳಿಬರುವುದು ಫಕೀರೇಶ್ವರ ಮಠದಿಂದ. ಮೂಲಪುರುಷರ ಹೆಸರೇ ಫಕೀರ ಚೆನ್ನವೀರ. ವಿಜಾಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಕೃಪೆಯಿಂದ ಅವರಿಗೆ ಫಕೀರನೆಂಬ ಹೆಸರು ಬಂದಿತೆಂಬುದು ಮಠದ ಪರಂಪರೆಯ ನಂಬಿಕೆ. ಇಲ್ಲಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದ ಕಥೆಯಲ್ಲಿ ಎರಡು ನಂಬಿಕೆಗಳು ಒಂದೇ ಮನೆಯೊಳಗೆ ಬಂದು ಮನೆ ಒಡೆಯಿತು. ಇಲ್ಲಿ ಎರಡು ಹೆಸರುಗಳು ಒಬ್ಬನೇ ಮನುಷ್ಯನೊಳಗೆ ಬಂದು ಮಠ ಎದ್ದಿತು.

ಮಠದ ಶಾಂತಿಯನ್ನು ತುಂಬಿಕೊಂಡು ಗದಗಿನ ಬಸ್ಸು ಹತ್ತಿದೆ. ಅದು ಬಹಳ ದೂರ ಬರಲಿಲ್ಲ. ಪಕ್ಕದಲ್ಲಿ ಕುಳಿತ ಹಿರಿಯ ರೈತರು ಊರು ಕೇಳಿದರು. ಮೈಸೂರು ಕಡೆಯೆಂದೆ. ಅವರು ರುಮಾಲು ಸರಿಪಡಿಸಿಕೊಂಡು, "ಹಂಗಾರ ಒಂದು ಕೇಳ್ತೀನ್ರಿ. ಉತ್ತರ ಕರ್ನಾಟಕ ಬ್ಯಾರೆ ರಾಜ್ಯ ಆಗಬೇಕೋ, ಬ್ಯಾಡೋ?" ಎಂದರು.

2018ರ ಆಗಸ್ಟ್ 2ರಂದು ಇದೇ ಬೇಡಿಕೆಗಾಗಿ ಬಂದ್ ಕರೆ ಹೊರಟಿದ್ದುದು ನನಗೆ ನೆನಪಿತ್ತು. ಆದರೂ ಮನಸ್ಸಿನಲ್ಲಿದ್ದುದನ್ನೇ ಹೇಳಿದೆ: "ಬೇಡ ಅಂತೀನಿ. ಕೂಡಿಸೋದಕ್ಕೆ ಅಷ್ಟು ಕಷ್ಟಪಟ್ಟ ನಾಡನ್ನು ಒಡೆಯಬಾರದು."

ಹಿಂದಿನ ಸೀಟಿನ ತರುಣ ಎದ್ದೇ ನಿಂತ. "ನಿಮಗ ಹಂಗ ಅನ್ನಾಕ ಏನೂ ಹೋಗೂದಿಲ್ರಿ ಸರ. ಮಹದಾಯಿ ನೀರಿಗೆ ನರಗುಂದದಾಗ ವರ್ಷಗಟ್ಟಲೆ ಕುಂತವರು ನಾವು. ಕೂಡಿಸಿದವರು ನಾವು, ಮರತವರು ನೀವು!" ಮುಂದಿನವರು ಒಬ್ಬೊಬ್ಬರಾಗಿ ತಿರುಗಿದರು. ಬೆಂಗಳೂರು, ನೌಕರಿ, ನೀರು, ಎಲ್ಲಕ್ಕೂ ನಾನೇ ಉತ್ತರವಾದಿ. "ಇಂಥವರಿಗೆ ಏನ್ ಹೇಳತೀ ಬಿಡೋ," ಎಂದು ಒಬ್ಬರು ಮುಖ ತಿರುವಿದ್ದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ರೈತರು ತರುಣನ ಕಡೆ ಕೈಯೆತ್ತಿ, "ತಮ್ಮಾ, ಕೇಳಿದಾಂವ ನಾ. ಯಾಕ ಬ್ಯಾಡ ಅಂತಾರ, ಅದನ್ನರ ಹೇಳಗೊಡು," ಎಂದರು. ಹೇಳಿದೆ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದಿತು. ದಕ್ಷಿಣದ ತಾಲ್ಲೂಕುಗಳೂ ಅದರಲ್ಲಿದ್ದವು. ಒಡೆದರೆ ಬಡತನ ಇಬ್ಬಾಗವಾದೀತೇ ಹೊರತು ಕಡಿಮೆಯಾಗದು. ತರುಣ ಒಪ್ಪಲಿಲ್ಲ. ವರದಿ ಬಂದು ಇಷ್ಟು ವರ್ಷವಾದರೂ ಅಂತರ ಅಳಿಯಲಿಲ್ಲವೇಕೆಂದು ಮರುಪ್ರಶ್ನೆ ಹಾಕಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ರೈತರ ಊರು ಬಂದಿತು. ನನ್ನ ಕೈಗೆ ಒಂದು ಹಿಡಿ ಹುರಿದ ಶೇಂಗಾ ಸುರಿದು, "ನಿಮ್ಮ ಮಾತು ನನಗ ಒಪ್ಪಿಗಿ ಇಲ್ರಿ. ಆದ್ರ ಬಾಯಿಗೆ ಬಂದಿದ್ದನ್ನ ನುಂಗಿ ಹಲ್ಲು ಕಿಸೀಲಿಲ್ಲ, ಅದು ಚಲೋ ಆತು," ಎಂದು ಇಳಿದರು.

'ಕೂಡಿಸಿದವರು ನಾವು' ಎಂಬ ಮಾತು ಬರಿಯ ಸಿಟ್ಟಿನದಲ್ಲ. ಈ ಸೀಮೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯಲ್ಲಿ 1947ರಲ್ಲಿ ಏಕೀಕರಣದ ಠರಾವು ಮಂಡಿಸಿದವರು. ಮುಂದೆ ಅದಕ್ಕಾಗಿ ಉಪವಾಸ ಕುಳಿತವರು. ಆ ಕಾಲದಲ್ಲಿ ಮೈಸೂರಿನ ಅನೇಕ ಮುಖಂಡರಿಗೆ ಏಕೀಕರಣ ಬೇಡವಾಗಿತ್ತು. ತಮ್ಮ ಸಂಪನ್ನ ರಾಜ್ಯದ ಹಣ ಬರದ ಸೀಮೆಗಳಿಗೆ ಹರಿದುಹೋದೀತೆಂಬ ಭಯ ಅವರದು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಸ್ವಪಕ್ಷದವರ ವಿರೋಧವನ್ನೇ ಎದುರಿಸಿ ಏಕೀಕರಣದ ಪರ ನಿಂತರು. ಅಂದು ಉತ್ತರದವರು 'ಕೂಡೋಣ' ಎಂದಾಗ ಮೈಸೂರಿನಲ್ಲಿ ಮುಖ ತಿರುವಿದವರಿದ್ದರು. ಇಂದು ಮೈಸೂರಿನವನು 'ಅಗಲುವುದು ಬೇಡ' ಎಂದರೆ ಶಿರಹಟ್ಟಿಯ ಬಸ್ಸಿನಲ್ಲಿ ಮುಖ ತಿರುವುತ್ತಾರೆ. ಲೆಕ್ಕ ಹಳೆಯದು.

ಏಕೀಕರಣವಾದಿಗಳೂ ಸದಾ ತಾಳ್ಮೆಯಿಂದಿದ್ದರೆಂದು ಹೇಳುವಂತಿಲ್ಲ. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತಾಗ ಸೀಮೆಗೆ ಸೀಮೆಯೇ ಕುದಿಯಿತು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ, ಹಿಂದುಮುಂದು ನೋಡುತ್ತಿದ್ದ ಮುಖಂಡರ ಮೇಲೆ ಜನರ ಕೋಪ ತಿರುಗಿ, ಪ್ರಸಂಗ ಹಿಂಸೆಗೆ ಇಳಿಯಿತು. ಆ ಜನರ ಬೇಡಿಕೆ ನ್ಯಾಯವಾದುದೇ. ಆದರೆ ನ್ಯಾಯ ತನ್ನ ಕಡೆಗಿದೆಯೆಂದು ತಿಳಿದವನ ಕೈಗೆ ಕಲ್ಲು ಬೇಗ ಸಿಗುತ್ತದೆ.

ಕೊನೆಯದು ಮುಂಡರಗಿಯ ದಾರಿ. ಕಪ್ಪತಗುಡ್ಡದ ಸಾಲನ್ನು ಕಣ್ಣಳತೆಯಲ್ಲಿ ಇರಿಸಿಕೊಂಡು ಬಸ್ಸು ಸಾಗುತ್ತದೆ. ನಡುವೆ ಡಂಬಳದಲ್ಲಿ ಇಳಿದು, ನಕ್ಷತ್ರದಂತೆ ಮೂಲೆಮೂಲೆಯಾಗಿ ಕಡೆದ ದೊಡ್ಡಬಸಪ್ಪನ ಗುಡಿಯನ್ನು ನೋಡದೆ ಮುಂದೆ ಹೋಗಬಾರದು. ಇದೇ ಊರಿನಲ್ಲಿ 1095ರ ಒಂದು ಶಾಸನವಿದೆ. ಹದಿನಾರು ಸೆಟ್ಟಿಗಳು ಸೇರಿ ಬೌದ್ಧ ವಿಹಾರವನ್ನು ಕಟ್ಟಿಸಿದ ಸಂಗತಿಯನ್ನೂ, ತಾರಾದೇವಿಯ ಇನ್ನೊಂದು ವಿಹಾರವನ್ನೂ ಅದು ಹೇಳುತ್ತದೆ. ನಾಡಿನ ಬಹುಭಾಗದಲ್ಲಿ ಬೌದ್ಧಮತ ಮರೆಯಾಗುತ್ತಿದ್ದ ಕಾಲ ಅದು. ಅಲ್ಪಸಂಖ್ಯಾತರ ನಂಬಿಕೆಗೂ ಊರಿನಲ್ಲಿ ಜಾಗ ಸಿಕ್ಕಿತ್ತು. ಅದನ್ನು ಕಲ್ಲಿನಲ್ಲಿ ಬರೆಸುವ ಧೈರ್ಯವೂ ಇತ್ತು.

ಮುಂಡರಗಿಯೆಂದರೆ ಭೀಮರಾಯನ ಊರು. ಕಂಪನಿ ಸರಕಾರದ ನೌಕರಿಯಲ್ಲಿದ್ದು ಹೊರಬಂದ ಈತ, ಆಯುಧಗಳನ್ನು ಕಸಿದುಕೊಳ್ಳುವ ಕಾನೂನಿನಿಂದ ಸೀಮೆಯೆಲ್ಲ ಅಸಮಾಧಾನಗೊಂಡಿದ್ದಾಗ 1858ರಲ್ಲಿ ದಂಗೆಯೆದ್ದ. ನೆರೆಯ ನಾಯಕರನ್ನು ಒಲಿಸಿಕೊಳ್ಳುವ ಯತ್ನವೂ ನಡೆಯಿತು. ಬಂದವರಲ್ಲಿ ಹಮ್ಮಿಗಿಯ ಕೆಂಚನಗೌಡ ಒಬ್ಬ. ಇಬ್ಬರೂ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದರು. ಇನ್ನೊಂದು ಕಡೆ ನರಗುಂದದ ಬಾಬಾಸಾಹೇಬನನ್ನು ಅದೇ ವರ್ಷದ ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಸುಮಾರು ತೊಂಬತ್ತು ವರ್ಷಗಳ ತರುವಾಯ ಇದೇ ಮುಂಡರಗಿ ಮತ್ತೆ ಗಡಿಯ ಮಾತಿಗೆ ತಾಣವಾಯಿತು. 1947ರಲ್ಲಿ ದೇಶವೆಲ್ಲ ಧ್ವಜ ಹಾರಿಸಿದಾಗ ಪೂರ್ವಕ್ಕಿದ್ದ ನಿಜಾಮರ ಸೀಮೆಯಲ್ಲಿ ಅದೇ ಧ್ವಜ ಅಪರಾಧವಾಗಿತ್ತು. ರಜಾಕಾರರ ಹಾವಳಿಗೆ ನಲುಗಿದವರಿಗೂ ಅವರನ್ನು ಎದುರಿಸಿದವರಿಗೂ ಆಸರೆಯಾಗಿ ಗಡಿಯುದ್ದಕ್ಕೂ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರವನ್ನು ನಡೆಸಿದವರು ಅಳವಂಡಿಯ ಶಿವಮೂರ್ತಿಸ್ವಾಮಿಗಳು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದು ಭಾರತಕ್ಕೆ ಸೇರಿತು. 1952ರಲ್ಲಿ ಅವರು ಕುಷ್ಟಗಿ ಕ್ಷೇತ್ರದಿಂದ ಸ್ವತಂತ್ರರಾಗಿ ಗೆದ್ದು ಲೋಕಸಭೆಗೆ ಹೋದರು. ಒಂದು ಕಾಲಕ್ಕೆ ಗಡಿಯಾಚೆ ಹೇಳಬಾರದ ಮಾತು, ನಾಲ್ಕೇ ವರ್ಷಗಳಲ್ಲಿ ದಿಲ್ಲಿಯ ಸಭೆಯಲ್ಲಿ ಕುಳಿತು ಹೇಳಬಹುದಾದ ಮಾತಾಯಿತು. 1956ರ ನವೆಂಬರ್ 1ರಂದು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಕೊಪ್ಪಳಗಳೆಲ್ಲ ಒಂದೇ ರಾಜ್ಯವಾದವು.

ಮುಂಡರಗಿಯಿಂದ ಕೊಪ್ಪಳಕ್ಕೆ ಈಗ ಬಸ್ಸು ಸಲೀಸಾಗಿ ಹೋಗುತ್ತದೆ. ಎಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗುತ್ತಿತ್ತೆಂದು ನಿರ್ವಾಹಕರನ್ನು ಕೇಳಿದೆ. "ಗೊತ್ತಿಲ್ರಿ, ನಮಗ ಸ್ಟೇಜ್ ಅಷ್ಟ ಗೊತ್ತು," ಎಂದು ಚೀಟಿ ಹರಿದುಕೊಟ್ಟರು. ಅಳಿಸಿಹೋದ ಗಡಿಯ ಬಗ್ಗೆ ಇದಕ್ಕಿಂತ ಒಳ್ಳೆಯ ವರ್ತಮಾನ ಬೇರೆಯಿಲ್ಲ. ಆದರೆ ಬಸ್ಸಿನ ಆ ತರುಣ ಕೇಳಿದ ಪ್ರಶ್ನೆ ಹಾಗೆಯೇ ಉಳಿದಿದೆ. ಅದಕ್ಕೆ ಉತ್ತರ ಹುಡುಕಬೇಕಾದವರು ದಕ್ಷಿಣದ ನಾವು. ಈ ಕಡೆಗೆ ಪ್ರವಾಸ ಬರುವವರು ಗುಡಿ ಬಸದಿಗಳ ಜೊತೆಗೆ ಅಂಥ ಮಾತುಗಳಿಗೂ ಒಂದಿಷ್ಟು ಹೊತ್ತು ಇಟ್ಟುಕೊಂಡು ಬರಲಿ. ಒಪ್ಪಿಗೆ ಸಿಗಲಿಕ್ಕಿಲ್ಲ, ಶೇಂಗಾ ಸಿಕ್ಕೀತು.